ಕೆಂಪು ಅಲೆ ಬರ್ಲಿಲ್ಲ, ಆದ್ರೂ ಹೌಸ್ ಕೈ ಬದಲಾಯ್ತು: ಒಂಬತ್ತು ಸೀಟಿನ ಲೆಕ್ಕ

2022ರ ನವೆಂಬರ್ 8ಕ್ಕೆ ಅಮೆರಿಕಾದಲ್ಲಿ ಮಿಡ್‌ಟರ್ಮ್ ಚುನಾವಣೆ ಆಯ್ತಲ್ಲ, ಮಾರನೇ ದಿನ ಯಾವ ಚಾನೆಲ್ ಹಾಕಿದ್ರೂ ಒಂದೇ ಮಾತು, ರೆಡ್ ವೇವ್ ಬರ್ಲಿಲ್ಲ, ರಿಪಬ್ಲಿಕನ್ನರು ಮುಗ್ಗರಿಸಿದ್ರು, ಆಗಿನ ಡೆಮಾಕ್ರಟ್ ಪ್ರೆಸಿಡೆಂಟ್ ಬೈಡನ್ ಬಚಾವ್ ಆದ್ರು ಅಂತ. (ಕೆಂಪು ಅಂದ ತಕ್ಷಣ ನಮಗೆ ಕಮ್ಯುನಿಸ್ಟರು ನೆನಪಾಗ್ತಾರೆ, ಅಲ್ಲಿ ಅದು ರಿಪಬ್ಲಿಕನ್ನರ ಬಣ್ಣ, ಡೆಮಾಕ್ರಟ್ಸ್ ನೀಲಿ.) ಆಮೇಲೆ ಎಂಟು ದಿನ ಎಣಿಕೆ ನಡೆದು ನವೆಂಬರ್ 16ಕ್ಕೆ ಗೊತ್ತಾಗಿದ್ದು ಏನಂದ್ರೆ, ಮುಗ್ಗರಿಸಿದ್ರು ಅಂತ ಎಲ್ರೂ ಹೇಳ್ತಿದ್ದ ಅದೇ ರಿಪಬ್ಲಿಕನ್ನರೇ ಹೌಸ್, ಅಂದ್ರೆ ಅಲ್ಲಿನ ಸಂಸತ್ತಿನ ಕೆಳಮನೆ, ಗೆದ್ದಿದ್ದಾರೆ! ಫೈನಲ್ ನಂಬರ್ 222-213. ಅದಕ್ಕೆ ಎರಡು ವರ್ಷ ಮುಂಚೆ, ಅಂದ್ರೆ 2020ರಲ್ಲಿ, ಡೆಮಾಕ್ರಟ್ಸ್ ಗೆದ್ದಿದ್ದೂ ಸರಿಯಾಗಿ 222-213. ನಂಬರ್ ಅದೇ, ಪಕ್ಷ ಮಾತ್ರ ಉಲ್ಟಾ. ಒಂಬತ್ತೇ ಒಂಬತ್ತು ಸೀಟು ಆ ಕಡೆಯಿಂದ ಈ ಕಡೆ ಬಂದಿದ್ದು, ಅಷ್ಟಕ್ಕೆ ಮುಂದಿನ ಎರಡು ವರ್ಷದ ರಾಜಕೀಯವೇ ಬೇರೆ ಆಗೋಯ್ತು.

ನನ್ ಪ್ರಕಾರ ಅವತ್ತಿನ ವಿಶ್ಲೇಷಣೆಗಳಲ್ಲಿ ಜಾಸ್ತಿ ಜನ ತಪ್ಪಿಸಿಕೊಂಡಿದ್ದು ಒಂದೇ ವಿಷಯ. ಅಲೆ ಬರ್ಲಿಲ್ಲ ಅಂದ್ರೆ ರಿಪಬ್ಲಿಕನ್ನರ ಕೈಗೆ ಅಧಿಕಾರ ಕಮ್ಮಿ ಸಿಕ್ತು, ಹಾಗಾಗಿ ಗಲಾಟೆನೂ ಕಮ್ಮಿ ಇರುತ್ತೆ ಅಂತ ಅಂದ್ಕೊಂಡ್ರು. ಆಗಿದ್ದು ತದ್ವಿರುದ್ಧ. ಅಲೆ ಬಂದು 240 ಸೀಟು ಬಂದಿದ್ರೆ ಆ ಪಕ್ಷದ ಲೀಡರ್ ಯಾರಿಗೂ ತಲೆ ಕೆಡಿಸ್ಕೊಳ್ದೆ ಇರಬಹುದಿತ್ತು. 222 ಬಂದಿದ್ದಕ್ಕೇ ಐದಾರು ಜನರ ಕೈಗೆ ಇಡೀ ಸದನದ ಜುಟ್ಟು ಸಿಕ್ಕಿಬಿಡ್ತು.

ಮೊದ್ಲು ಇದು ಎಂಥ ಚುನಾವಣೆ ಅಂತ ಒಂಚೂರು ಹೇಳ್ಬಿಡ್ತೀನಿ, ಯಾಕಂದ್ರೆ ನಮ್ಮ ಪದ್ಧತಿ ತಲೆಯಲ್ಲಿಟ್ಕೊಂಡು ನೋಡಿದ್ರೆ ಏನೂ ಅರ್ಥ ಆಗಲ್ಲ. ಅಲ್ಲಿ ಪ್ರೆಸಿಡೆಂಟ್ ಅವಧಿ ನಾಲ್ಕು ವರ್ಷ. ಹೌಸ್ ಆಫ್ ರೆಪ್ರೆಸೆಂಟೇಟಿವ್ಸ್ ಅನ್ನೋ ಕೆಳಮನೆಯ 435 ಸೀಟಿಗೂ ಎರಡು ವರ್ಷಕ್ಕೊಮ್ಮೆ ಚುನಾವಣೆ. ಸೆನೆಟ್ ಅನ್ನೋ ಮೇಲ್ಮನೆಯಲ್ಲಿ 100 ಜನ, ಒಬ್ಬೊಬ್ಬರದ್ದು ಆರು ವರ್ಷ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗದಷ್ಟು ಸೀಟಿಗೆ ಮತದಾನ. ಹಾಗಾಗಿ ಪ್ರೆಸಿಡೆಂಟ್ ಅವಧಿಯ ಸರೀ ನಡುವೆ ಒಂದು ಚುನಾವಣೆ ಬಿದ್ದೇ ಬೀಳುತ್ತೆ, ಅದೇ ಮಿಡ್‌ಟರ್ಮ್. ಯಾವುದೋ ಸರ್ಕಾರ ಬಿದ್ದೋಯ್ತು ಅಂತ ನಡೆಯೋದಲ್ಲ. ಅದಕ್ಕಿಂತ ಮುಖ್ಯ, ಇದ್ರಲ್ಲಿ ಸೋತರೆ ಸರ್ಕಾರ ಬೀಳೋದೂ ಇಲ್ಲ. ನಮ್ಮಲ್ಲಿ 2019ರ ಜುಲೈನಲ್ಲಿ ಕುಮಾರಸ್ವಾಮಿ ವಿಶ್ವಾಸಮತದಲ್ಲಿ 99-105ರಲ್ಲಿ ಸೋತರು, ಅವತ್ತೇ ರಾಜೀನಾಮೆ ಕೊಟ್ರು. ಅಲ್ಲಿ ಹೌಸ್ ಪೂರ್ತಿ ಎದುರಾಳಿ ಪಕ್ಷದ ಕೈಗೆ ಹೋದ್ರೂ ಪ್ರೆಸಿಡೆಂಟ್ ವೈಟ್ ಹೌಸಲ್ಲೇ ಇರ್ತಾರೆ, ಅವರ ಮಂತ್ರಿಗಳೂ ಇರ್ತಾರೆ. ಎತ್ತು ಏರಿಗೆ ಎಳೆದ್ರೆ ಕೋಣ ನೀರಿಗೆ ಅನ್ನೋ ಹಾಗೆ ಇಬ್ರೂ ಒಂದೇ ನೊಗದಲ್ಲಿ ಎರಡು ವರ್ಷ ಎಳೆದಾಡ್ತಾರೆ.

ಸಾಮಾನ್ಯವಾಗಿ ಮಿಡ್‌ಟರ್ಮಲ್ಲಿ ಪ್ರೆಸಿಡೆಂಟ್ ಪಕ್ಷಕ್ಕೆ ಏಟು ಬೀಳೋದೇ ರೂಢಿ. 1994ರಲ್ಲಿ ಕ್ಲಿಂಟನ್ ಪಕ್ಷ ಐವತ್ತಕ್ಕೂ ಹೆಚ್ಚು ಸೀಟು ಕಳ್ಕೊಂಡು ನಲವತ್ತು ವರ್ಷದಿಂದ ಕೈಯಲ್ಲಿದ್ದ ಹೌಸನ್ನೇ ಬಿಟ್ಟುಕೊಡ್ತು, 2010ರಲ್ಲಿ ಒಬಾಮಾ ಪಕ್ಷ 63 ಸೀಟು, 2018ರಲ್ಲಿ ಟ್ರಂಪ್ ಪಕ್ಷ ಸುಮಾರು 40. ಇದಕ್ಕೆ ಅಪವಾದ ಅಂದ್ರೆ 1934, 1998, 2002, ಬೆರಳೆಣಿಕೆ. ಪ್ರೆಸಿಡೆಂಟ್ ಚುನಾವಣೆಗೆ ಬಂದಷ್ಟು ಜನ ಮಿಡ್‌ಟರ್ಮಿಗೆ ಬರಲ್ಲ, ಬರೋರಲ್ಲಿ ಕೋಪ ಇರೋರೇ ಜಾಸ್ತಿ, ಖುಷಿಯಾಗಿರೋನು ಮನೇಲೇ ಇರ್ತಾನೆ. 2022ರಲ್ಲಿ ಕೋಪಕ್ಕೆ ಕಾರಣನೂ ಭರ್ಜರಿಯಾಗಿ ಇತ್ತು, ಆ ವರ್ಷದ ಜೂನಲ್ಲಿ ಬೆಲೆ ಏರಿಕೆ 9.1 ಪರ್ಸೆಂಟ್, ನಲವತ್ತು ವರ್ಷದಲ್ಲೇ ಜಾಸ್ತಿ, ಪೆಟ್ರೋಲ್ ಬೆಲೆ ಕೇಳಿದ್ರೇ ಜನ ಉರಿದು ಬೀಳ್ತಿದ್ರು. ಹಾಗಾಗಿ 30, 40, ಕೆಲವರು ಇನ್ನೂ ಜಾಸ್ತಿ ಸೀಟು ಹೋಗುತ್ತೆ ಅಂತ ಭವಿಷ್ಯ ಹೇಳಿದ್ರು.

ಹೋಗ್ಲಿಲ್ಲ. ಯಾಕೆ ಅಂತ ಕೇಳಿದ್ರೆ ಮೊದಲ ಕಾರಣ ಅದೇ ಜೂನ್ 24ಕ್ಕೆ ಬಂದ ಸುಪ್ರೀಂ ಕೋರ್ಟ್ ತೀರ್ಪು, ಸುಮಾರು ಐವತ್ತು ವರ್ಷದಿಂದ ಇದ್ದ ಗರ್ಭಪಾತದ ಹಕ್ಕನ್ನ ತೆಗೆದುಹಾಕಿ ಆಯಾ ರಾಜ್ಯಗಳಿಗೇ ಬಿಟ್ಟ ಡಾಬ್ಸ್ ತೀರ್ಪು. ಇದರ ಸುಳಿವು ಆಗಸ್ಟಲ್ಲೇ ಸಿಕ್ಕಿತ್ತು, ಕ್ಯಾನ್ಸಸ್ ಅನ್ನೋ ಪಕ್ಕಾ ರಿಪಬ್ಲಿಕನ್ ರಾಜ್ಯದಲ್ಲಿ ರಾಜ್ಯ ಸಂವಿಧಾನದಿಂದ ಆ ಹಕ್ಕು ತೆಗೀಬೇಕಾ ಅಂತ ಜನಮತ ಕೇಳಿದ್ರೆ ಜನ ದೊಡ್ಡ ಅಂತರದಲ್ಲಿ ಬೇಡ ಅಂದ್ರು. ಮಿಷಿಗನ್‌ನಲ್ಲಂತೂ ಚುನಾವಣೆ ದಿನವೇ ಆ ಹಕ್ಕನ್ನ ರಾಜ್ಯ ಸಂವಿಧಾನಕ್ಕೆ ಸೇರಿಸೋ ಪ್ರಶ್ನೆ ಮತಪತ್ರದಲ್ಲಿತ್ತು, ಅದೂ ಪಾಸಾಯ್ತು, ಜೊತೆಗೆ ಗವರ್ನರ್ ಸ್ಥಾನ ಮತ್ತು ರಾಜ್ಯದ ಎರಡೂ ಸದನ ಡೆಮಾಕ್ರಟ್ಸ್ ಪಾಲಾಯ್ತು, ಸುಮಾರು ನಲವತ್ತು ವರ್ಷದಲ್ಲಿ ಮೊದಲ ಸಲ. ಇನ್ನೊಂದು ಕಾರಣ ಕ್ಯಾಂಡಿಡೇಟ್‌ಗಳು. ಪೆನ್ಸಿಲ್ವೇನಿಯಾದಲ್ಲಿ ಟಿವಿ ಡಾಕ್ಟರ್ ಮೆಹ್ಮೆಟ್ ಓಜ್, ಜಾರ್ಜಿಯಾದಲ್ಲಿ ಫುಟ್ಬಾಲ್ ಸ್ಟಾರ್ ಹರ್ಷಲ್ ವಾಕರ್, ಇಬ್ರನ್ನೂ ಟ್ರಂಪ್ ಬೆನ್ನು ತಟ್ಟಿ ಸೆನೆಟ್‌ಗೆ ನಿಲ್ಸಿದ್ದು, ಇಬ್ರೂ ಸೋತರು.

ಸರಿ, ಹಾಗಾದ್ರೆ ಹೌಸ್ ಹೇಗೆ ಹೋಯ್ತು? ಇಲ್ಲಿ ನಕ್ಷೆ ನೋಡ್ಬೇಕು. ಹತ್ತು ವರ್ಷಕ್ಕೊಮ್ಮೆ ಜನಗಣತಿ ಆದ್ಮೇಲೆ ಕ್ಷೇತ್ರಗಳ ಗಡಿ ಹೊಸದಾಗಿ ಬರೀತಾರೆ, ನಮ್ಮ ಹಾಗೆ ಒಂದು ಡೀಲಿಮಿಟೇಶನ್ ಕಮಿಷನ್ ಇಡೀ ದೇಶಕ್ಕೆ ಕೂತು ಬರೆಯೋದಲ್ಲ, ಹೆಚ್ಚಿನ ರಾಜ್ಯಗಳಲ್ಲಿ ಅಲ್ಲಿನ ಶಾಸಕರೇ ಬರೀತಾರೆ, ಅಂದ್ರೆ ಯಾರು ಅಧಿಕಾರದಲ್ಲಿದ್ದಾರೋ ಅವರೇ ತಮಗೆ ಬೇಕಾದ ಹಾಗೆ ಗೆರೆ ಎಳ್ಕೋಬಹುದು. 2022 ಹೊಸ ನಕ್ಷೆಯ ಮೊದಲ ಚುನಾವಣೆ. ಫ್ಲೋರಿಡಾದಲ್ಲಿ ಗವರ್ನರ್ ಡಿಸ್ಯಾಂಟಿಸ್ ತಮ್ಮದೇ ಪಕ್ಷದ ಶಾಸಕರು ಮಾಡಿದ ನಕ್ಷೆನ ವೀಟೋ ಮಾಡಿ ಇನ್ನೂ ಗಟ್ಟಿ ನಕ್ಷೆ ತಂದ್ರು, ರಿಪಬ್ಲಿಕನ್ ಸೀಟು 16 ಇದ್ದಿದ್ದು 20 ಆಯ್ತು. ನ್ಯೂಯಾರ್ಕಲ್ಲಿ ಡೆಮಾಕ್ರಟ್ಸ್ ಅದೇ ಆಟ ಆಡೋಕೆ ಹೋಗಿ ಕೈ ಸುಟ್ಕೊಂಡ್ರು, ರಾಜ್ಯದ ಅತ್ಯುನ್ನತ ಕೋರ್ಟು ಏಪ್ರಿಲ್‌ನಲ್ಲಿ ಅವರ ನಕ್ಷೆ ಹರಿದು ಹಾಕಿ ಬೇರೆಯವರಿಂದ ಬರೆಸಿತು, ರಿಪಬ್ಲಿಕನ್ ಸೀಟು 8ರಿಂದ 11ಕ್ಕೆ ಏರಿತು. ಕೂಡಿಸಿ ನೋಡಿ, ಈ ಎರಡು ರಾಜ್ಯದಲ್ಲೇ ಏಳು ಸೀಟು. ಒಟ್ಟು ಲಾಭ ಒಂಬತ್ತು! ತಮಾಷೆ ಅಂದ್ರೆ ದೇಶಾದ್ಯಂತ ಡೆಮಾಕ್ರಟ್ಸ್ ಹೌಸ್ ಪ್ರಚಾರದ ಉಸ್ತುವಾರಿ ಹೊತ್ತಿದ್ದ ಶಾನ್ ಪ್ಯಾಟ್ರಿಕ್ ಮಲೋನಿ ಅನ್ನೋರೇ ನ್ಯೂಯಾರ್ಕಲ್ಲಿ ತಮ್ಮ ಕ್ಷೇತ್ರ ಉಳಿಸ್ಕೊಳ್ಳೋಕಾಗದೆ 1,820 ಮತದಲ್ಲಿ ಸೋತ್ರು.

ಕೂದಲೆಳೆ ಅಂತರ ಅಂತೀವಲ್ಲ, ಅದನ್ನ ಅಂಕಿಯಲ್ಲೇ ನೋಡಿ. ಕೊಲೊರಾಡೋದಲ್ಲಿ ಲೊರೆನ್ ಬೋಬರ್ಟ್ ಗೆದ್ದಿದ್ದು 546 ಮತದಲ್ಲಿ, ಕ್ಯಾಲಿಫೋರ್ನಿಯಾದ ಒಂದು ಕ್ಷೇತ್ರದಲ್ಲಿ ಜಾನ್ ಡುವಾರ್ಟೆ 564 ಮತದಲ್ಲಿ, ಮಿಷಿಗನ್‌ನಲ್ಲಿ ಒಬ್ರು 1,600ರ ಆಸುಪಾಸಲ್ಲಿ, ಮೇಲೆ ಹೇಳಿದ ನ್ಯೂಯಾರ್ಕಿನ ಸೀಟು, ಆಮೇಲೆ ಅಯೋವಾದಲ್ಲಿ ಎರಡು ಸಾವಿರ ಚಿಲ್ಲರೆ. ಈ ಐದೂ ಕ್ಷೇತ್ರದ ಅಂತರ ಕೂಡಿಸಿದ್ರೆ ಏಳು ಸಾವಿರ ದಾಟಲ್ಲ. ಬಹುಮತಕ್ಕೆ ಬೇಕಾದ್ದು 218, ಈ ಐದು ಆ ಕಡೆ ಹೋಗಿದ್ರೆ ರಿಪಬ್ಲಿಕನ್ನರು 217ಕ್ಕೆ ನಿಲ್ತಿದ್ರು, ಹೌಸ್ ಡೆಮಾಕ್ರಟ್ಸ್ ಹತ್ರನೇ ಉಳೀತಿತ್ತು. ಬೆಂಗಳೂರಿನ ಒಂದು ವಾರ್ಡಲ್ಲಿ ಬೀಳೋ ವೋಟಿಗಿಂತ ಕಮ್ಮಿ ಸ್ವಾಮಿ ಇದು.

ಇನ್ನು ಫಲಿತಾಂಶ ಬಂದ ತಕ್ಷಣ ಅಧಿಕಾರ ಬದಲಾಗಲ್ಲ, ಹೊಸ ಸದನ ಕೂರೋದು ಜನವರಿ 3ಕ್ಕೆ, ಮಧ್ಯದ ಎರಡು ತಿಂಗಳು ಹಳೇ ಸದನದ್ದೇ ಕಾರುಬಾರು. ಆ ಎರಡು ತಿಂಗಳು ನೋಡಿದ್ರೆನೇ ಯಾವ ಅಧಿಕಾರ ಕೈ ಬಿಟ್ಟು ಹೋಗ್ತಿದೆ ಅಂತ ಗೊತ್ತಾಗುತ್ತೆ, ಯಾಕಂದ್ರೆ ಹೋಗೋರು ಅದನ್ನೇ ಮೊದ್ಲು ಮುಗಿಸ್ಕೊಂಡ್ರು. 2021ರ ಜನವರಿ 6ಕ್ಕೆ ಟ್ರಂಪ್ ಬೆಂಬಲಿಗರು ಸಂಸತ್ ಕಟ್ಟಡಕ್ಕೆ ನುಗ್ಗಿದ ದಾಳಿ ತನಿಖೆ ಮಾಡ್ತಿದ್ದ ಕಮಿಟಿ ಡಿಸೆಂಬರ್ 22ಕ್ಕೆ ಫೈನಲ್ ರಿಪೋರ್ಟ್ ಹೊರಗೆ ಹಾಕಿತು. ವರ್ಷಗಟ್ಟಲೆ ಕೋರ್ಟಲ್ಲಿ ಎಳೆದಾಡಿದ್ದ ಟ್ರಂಪ್ ಅವರ ಟ್ಯಾಕ್ಸ್ ರಿಟರ್ನ್ಸ್ ಡಿಸೆಂಬರ್ 30ಕ್ಕೆ ಬಿಡುಗಡೆ ಆಯ್ತು, ಸದನ ಕೈ ಬದಲಾಗೋಕೆ ನಾಲ್ಕೇ ದಿನ ಇದ್ದಾಗ. ಇಡೀ ವರ್ಷದ ಖರ್ಚಿನ ಬಿಲ್, ಸುಮಾರು 1.7 ಟ್ರಿಲಿಯನ್ ಡಾಲರ್‌ದು, ಕ್ರಿಸ್‌ಮಸ್ ರಜೆಗೆ ಹೋಗೋ ಮುಂಚೆ ಪಾಸ್ ಮಾಡ್ಕೊಂಡ್ರು, ಅದರೊಳಗೇ ಪ್ರೆಸಿಡೆಂಟ್ ಚುನಾವಣೆ ಮತ ಎಣಿಕೆಯ ಹಳೇ ಕಾನೂನಿನ ತಿದ್ದುಪಡಿನೂ ಸೇರಿಸಿ.

ಮಾಡದೇ ಬಿಟ್ಟಿದ್ದು ಎರಡು, ಎರಡೂ ಮುಖ್ಯ. ಒಂದು ಸಾಲದ ಮಿತಿ, ಅದಕ್ಕೆ ಆಮೇಲೆ ಬರ್ತೀನಿ. ಇನ್ನೊಂದು ಅಲ್ಲಿರೋ ನಮ್ಮವರಿಗೆ ನೇರ ತಟ್ಟೋದು. ಉದ್ಯೋಗದ ಮೇಲೆ ಕೊಡೋ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000, ಅದ್ರಲ್ಲಿ ಯಾವ ಒಂದು ದೇಶದವರಿಗೂ 7 ಪರ್ಸೆಂಟ್ ಮೀರಬಾರದು ಅಂತ ನಿಯಮ, ಐಸ್‌ಲ್ಯಾಂಡಿಗೂ ಅಷ್ಟೇ ಇಂಡಿಯಾಕ್ಕೂ ಅಷ್ಟೇ. ಬೆಂಗಳೂರಿಂದ ಎಚ್-1ಬಿ ಮೇಲೆ ಹೋದ ಎಂಜಿನಿಯರ್‌ಗಳು ದಶಕಗಟ್ಟಲೆ ಕ್ಯೂನಲ್ಲಿ ನಿಂತಿರೋದು ಇದಕ್ಕೇ. ಈ ಮಿತಿ ತೆಗೆಯೋ ಈಗಲ್ ಆಕ್ಟ್ ಅನ್ನೋ ಮಸೂದೆ, ಸ್ಯಾನ್ ಹೋಸೆ ಕಡೆಯ ಜೋಯಿ ಲಾಫ್‌ಗ್ರೆನ್ ತಂದಿದ್ದು, ಡಿಸೆಂಬರ್‌ನಲ್ಲಿ ಸದನಕ್ಕೆ ಬಂತು, ವೈಟ್ ಹೌಸ್ ಕೂಡ ಬೆಂಬಲ ಕೊಟ್ಟಿತ್ತು, ಆದ್ರೆ ಕೊನೇಗೆ ವೋಟಿಗೆ ಹಾಕದೇನೇ ಬಿಟ್ರು. ಹಳೇ ಸದನ ಮುಗೀತು ಅಂದ್ರೆ ಪಾಸಾಗದ ಎಲ್ಲಾ ಮಸೂದೆನೂ ಸತ್ತಂಗೆ, ಮತ್ತೆ ಒಂದನೇ ಪುಟದಿಂದ ಶುರು. ಅಮೆರಿಕಾದಲ್ಲಿರೋ ಅಣ್ಣನೋ ಅತ್ತಿಗೆನೋ ಪ್ರೆಸಿಡೆಂಟ್ ಯಾರು ಅಂತ ತಲೆ ಕೆಡಿಸ್ಕೊಳ್ಳೋ ಅರ್ಧದಷ್ಟಾದ್ರೂ ಹೌಸಿನ ಕ್ಯಾಲೆಂಡರ್ ಬಗ್ಗೆ ಕೆಡಿಸ್ಕೋಬೇಕು ಅನ್ನೋದು ನನ್ನ ವಾದ.

ಈಗ ಅಸಲಿ ಪ್ರಶ್ನೆ, ಹೌಸ್ ಗೆದ್ದವರಿಗೆ ಸಿಗೋದು ಏನು. ಕಾನೂನು ಮಾಡೋ ಅಧಿಕಾರ ಅಂತೂ ಅಲ್ಲ, ಆಗ ಸೆನೆಟ್ ಬೇರೆಯವರ ಕೈಯಲ್ಲಿತ್ತು, ಸಹಿ ಹಾಕ್ಬೇಕಿದ್ದಿದ್ದು ಬೈಡನ್, ವೀಟೋ ಮೀರೋಕೆ ಎರಡೂ ಸದನದಲ್ಲಿ ಮೂರನೇ ಎರಡು ಬೇಕು. ಸಿಗೋದು ತಡೆಯೋ ಅಧಿಕಾರ ಮತ್ತೆ ಕೇಳೋ ಅಧಿಕಾರ. ಯಾವ ಮಸೂದೆ ಸದನದ ಮುಂದೆ ಬರ್ಬೇಕು ಅನ್ನೋದು ಸ್ಪೀಕರ್ ಕೈಲಿ. ನಮ್ಮ ಸ್ಪೀಕರ್ ತರ ಪಕ್ಷ ಬಿಟ್ಟು ಮೇಲೆ ಕೂತ ಅಂಪೈರ್ ಅಲ್ಲ ಅವರು (ನಮ್ಮಲ್ಲೂ ಎಷ್ಟು ಅಂಪೈರ್ ಅನ್ನೋದು ಬೇರೆ ಮಾತು), ಬಹುಮತ ಪಕ್ಷದ ನಾಯಕನೇ ಸ್ಪೀಕರ್. ಜೊತೆಗೆ ಎಲ್ಲಾ ಕಮಿಟಿಗಳ ಚೇರ್ಮನ್‌ಗಳೂ ಅದೇ ಪಕ್ಷದವರು, ಎಲ್ಲಾ ಅಂದ್ರೆ ಎಲ್ಲಾ, 222 ಇದ್ರೂ 300 ಇದ್ರೂ ಅಷ್ಟೇ. ಜುಡಿಷಿಯರಿ ಕಮಿಟಿ ಜಿಮ್ ಜಾರ್ಡನ್ ಕೈಗೆ ಹೋಯ್ತು, ಓವರ್‌ಸೈಟ್ ಜೇಮ್ಸ್ ಕೋಮರ್ ಕೈಗೆ. ಸಮನ್ಸ್ ಕಳಿಸೋದು, ಅಧಿಕಾರಿಗಳನ್ನ ಕರೆಸಿ ಕ್ಯಾಮೆರಾ ಮುಂದೆ ಕೂರ್ಸೋದು, ಕಾಗದಪತ್ರ ತರಿಸೋದು ಅವರಿಗೆ ಬಿಟ್ಟಿದ್ದು. ಡಿಸೆಂಬರ್‌ವರೆಗೆ ಟ್ರಂಪ್ ಬಗ್ಗೆ ವಿಚಾರಣೆ ನಡೆಸ್ತಿದ್ದ ಅದೇ ಹೌಸು ಜನವರಿಯಿಂದ ಬೈಡನ್ ಮಗ ಹಂಟರ್ ಬಗ್ಗೆ ನಡೆಸೋಕೆ ಶುರು ಮಾಡ್ತು.

ಸೆನೆಟ್ ಕಥೆ ಬೇರೆ, ಅಲ್ಲಿ ಡೆಮಾಕ್ರಟ್ಸ್‌ಗೆ ಒಂದು ಸೀಟು ಜಾಸ್ತಿನೇ ಬಂತು. ಮೊದ್ಲು 50-50 ಇತ್ತು, ಸಮ ಆದಾಗ ವೈಸ್ ಪ್ರೆಸಿಡೆಂಟ್ ಕಮಲಾ ಹ್ಯಾರಿಸ್ ಬಂದು ಒಂದು ವೋಟ್ ಹಾಕ್ಬೇಕಿತ್ತು. ಪೆನ್ಸಿಲ್ವೇನಿಯಾ ಗೆದ್ದು, ಡಿಸೆಂಬರ್ 6ರ ಜಾರ್ಜಿಯಾ ರನ್‌ಆಫಲ್ಲಿ (ಯಾರೂ ಅರ್ಧ ವೋಟು ದಾಟದಿದ್ರೆ ನಡೆಯೋ ಎರಡನೇ ಸುತ್ತು) ಡೆಮಾಕ್ರಟ್ ವಾರ್ನಾಕ್ ಸೀಟು ಉಳಿಸ್ಕೊಂಡು 51-49 ಆಯ್ತು. ಒಂದು ಸೀಟಿಂದ ಏನಾಗುತ್ತೆ ಅಂತ ಅನ್ಕೋಬೇಡಿ. 50-50 ಇದ್ದಾಗ ಕಮಿಟಿಗಳೂ ಸಮಸಮ, ಸುಪ್ರೀಂ ಕೋರ್ಟಿಗೆ ಕೆಟಾಂಜಿ ಬ್ರೌನ್ ಜಾಕ್ಸನ್ ಹೆಸರು ಬಂದಾಗ 2022ರ ಏಪ್ರಿಲ್‌ನಲ್ಲಿ ಕಮಿಟಿ ವೋಟು 11-11ಕ್ಕೆ ನಿಂತು, ಅವರ ಹೆಸರನ್ನ ಕಮಿಟಿಯಿಂದ ಹೊರಗೆ ತರೋಕೇ ಪೂರ್ತಿ ಸೆನೆಟ್ ಪ್ರತ್ಯೇಕ ವೋಟ್ ಮಾಡ್ಬೇಕಾಯ್ತು, ಆಮೇಲೆ 53-47ರಲ್ಲಿ ಅವರು ಜಡ್ಜ್ ಆದ್ರು. 51 ಆದ್ಮೇಲೆ ಕಮಿಟಿಗಳಲ್ಲೂ ಒಬ್ಬರು ಜಾಸ್ತಿ, ಜಡ್ಜ್‌ಗಳ ನೇಮಕಕ್ಕೆ ಹೌಸ್ ಒಪ್ಪಿಗೆ ಬೇಕಾಗಿಲ್ಲ, ಹೌಸಲ್ಲಿ ಎಷ್ಟೇ ಕೂಗಾಡ್ಲಿ ಬೈಡನ್ ನಾಲ್ಕು ವರ್ಷದಲ್ಲಿ 235 ಫೆಡರಲ್ ಜಡ್ಜ್‌ಗಳನ್ನ ಕೂರ್ಸಿ ಹೋದ್ರು. ಅವರೆಲ್ಲ ಜೀವನಪರ್ಯಂತ ಇರೋ ಜಡ್ಜ್‌ಗಳು. ಈ ಚುನಾವಣೆಯಲ್ಲಿ ಬಾಳಿಕೆ ಬರೋ ಲಾಭ ಯಾರಿಗೆ ಸಿಕ್ತು ಅಂತ ಕೇಳಿದ್ರೆ ನಾನು ಸೆನೆಟ್ ಕಡೆನೇ ಕೈ ತೋರಿಸ್ತೀನಿ.

ಈಗ ಹೌಸಿಗೆ ವಾಪಸ್ ಬರೋಣ, ನಿಜವಾದ ಸರ್ಕಸ್ ಇರೋದು ಅಲ್ಲೇ. ಜನವರಿ 3, 2023, ಹೊಸ ಸದನ ಕೂತಿದೆ, ಮೊದಲ ಕೆಲಸ ಸ್ಪೀಕರ್ ಆಯ್ಕೆ. ರಿಪಬ್ಲಿಕನ್ 222, ಡೆಮಾಕ್ರಟ್ಸ್ ಒಬ್ರು ತೀರಿಕೊಂಡಿದ್ರಿಂದ 212, ಎಲ್ರೂ ಹಾಜರಿದ್ರೆ ಬೇಕಾಗಿರೋದು 218, ಅಂದ್ರೆ ಕೆವಿನ್ ಮೆಕಾರ್ಥಿ ತಮ್ಮ ಪಕ್ಷದಲ್ಲಿ ನಾಲ್ಕು ಜನರನ್ನ ಕಳ್ಕೋಬಹುದು, ಐದನೆಯವರು ಕೈ ಕೊಟ್ರೆ ಕಥೆ ಮುಗೀತು. ಮೊದಲ ಸುತ್ತಲ್ಲಿ 19 ಜನ ಕೈ ಕೊಟ್ರು. ಮೆಕಾರ್ಥಿಗೆ 203, ಡೆಮಾಕ್ರಟ್ಸ್ ಲೀಡರ್ ಹಕೀಮ್ ಜೆಫ್ರೀಸ್‌ಗೆ 212! ಚುನಾವಣೆ ಗೆದ್ದ ಪಕ್ಷದ ನಾಯಕನಿಗೆ ಸೋತ ಪಕ್ಷದ ನಾಯಕನಿಗಿಂತ ಕಮ್ಮಿ ವೋಟು. ಒಂದೇ ಸುತ್ತಲ್ಲಿ ಸ್ಪೀಕರ್ ಆಯ್ಕೆ ಆಗದೇ ಇದ್ದಿದ್ದು ನೂರು ವರ್ಷದಲ್ಲಿ, 1923ರ ನಂತರ, ಇದೇ ಮೊದ್ಲು. ಎರಡನೇ ಸುತ್ತು, ಮೂರನೇ ಸುತ್ತು, ಮಾರನೇ ದಿನ, ಅದರ ಮಾರನೇ ದಿನ, 201, 201, 200, ಮೇಲೆ ಹೋಗೋದು ಬಿಟ್ಟು ಕೆಳಗೇ ಇಳೀತಾ ಹೋಯ್ತು.

ಸ್ಪೀಕರ್ ಇಲ್ದೆ ಸದಸ್ಯರ ಪ್ರಮಾಣವಚನನೂ ಆಗಲ್ಲ. ಹಾಗಾಗಿ ಗೆದ್ದು ಬಂದ 434 ಜನನೂ ನಾಲ್ಕು ದಿನ ಲೆಕ್ಕಕ್ಕೆ ಸದಸ್ಯರೇ ಅಲ್ಲ, ಕಮಿಟಿ ಇಲ್ಲ, ಗುಪ್ತಚರ ಬ್ರೀಫಿಂಗ್ ಇಲ್ಲ, ಹೆಂಡ್ತಿ ಮಕ್ಕಳು ಒಳ್ಳೇ ಬಟ್ಟೆ ಹಾಕ್ಕೊಂಡು ಬಂದು ಕೂತು ಕೂತು ಸಾಕಾಗಿ ಹೋದ್ರು. ಹಾಗೆ ಕಾಯ್ತಿದ್ದ ಹೊಸಬರಲ್ಲಿ ನಮ್ಮ ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ ಕೂಡ ಒಬ್ರು, ಡೆಟ್ರಾಯಿಟ್ ಕಡೆಯಿಂದ ಡೆಮಾಕ್ರಟ್ ಆಗಿ ಗೆದ್ದು ಬಂದವರು. ಮೊದಲ ಸಲ ಗೆದ್ದ ಖುಷಿಯಲ್ಲಿ ಬಂದವರಿಗೆ ಸಿಕ್ಕಿದ ಮೊದಲ ಕೆಲಸ ಅಂದ್ರೆ ದಿನಾ ಹೆಸರು ಕರೆದಾಗೆಲ್ಲ ಎದ್ದು ಜೆಫ್ರೀಸ್ ಅನ್ನೋದು.

ಶುಕ್ರವಾರ ರಾತ್ರಿ, ಜನವರಿ 6, ಹದಿನಾಲ್ಕನೇ ಸುತ್ತು. ಅಷ್ಟರಲ್ಲಿ ಕೊಟ್ಟು ತಗೊಂಡು ವಿರೋಧಿಗಳನ್ನ ಆರಕ್ಕೆ ಇಳಿಸಿದ್ರು. ಇಲ್ಲಿ ಒಂದು ಲೆಕ್ಕ ಇದೆ, ಯಾರ ಹೆಸರೂ ಹೇಳದೆ ಬರೀ ಪ್ರೆಸೆಂಟ್ ಅಂದ್ರೆ ಆ ವೋಟು ಎಣಿಕೆಗೇ ಬರಲ್ಲ, ಬಹುಮತಕ್ಕೆ ಬೇಕಾದ ಸಂಖ್ಯೆನೂ ಕೆಳಗೆ ಬರುತ್ತೆ. ಮೆಕಾರ್ಥಿಗೆ 216 ಬಿತ್ತು, ಬೇಕಿದ್ದಿದ್ದು 217. ಒಂದು! ಕೊನೇಗೆ ಉಳಿದಿದ್ದು ಫ್ಲೋರಿಡಾದ ಮ್ಯಾಟ್ ಗೇಟ್ಸ್, ಅವರು ಪ್ರೆಸೆಂಟ್ ಅಂದ್ರು, ಸಾಕಾಗ್ಲಿಲ್ಲ. ಮೆಕಾರ್ಥಿ ತಮ್ಮ ಸೀಟಿಂದ ಎದ್ದು ಹಿಂದಿನ ಸಾಲಿಗೆ ನಡ್ಕೊಂಡು ಹೋಗಿ ಗೇಟ್ಸ್ ಮುಂದೆ ನಿಂತು ಮಾತಾಡಿ ಸಪ್ಪೆ ಮುಖ ಮಾಡ್ಕೊಂಡು ವಾಪಸ್ ಬಂದ್ರು. ಆಗ ಅಲಬಾಮಾದ ಮೈಕ್ ರೋಜರ್ಸ್ ಅನ್ನೋ ಹಿರಿಯ ಸದಸ್ಯರು ಗೇಟ್ಸ್ ಮೇಲೆ ನುಗ್ಗೋಕೆ ಹೋದ್ರು, ಹಿಂದಿಂದ ಇನ್ನೊಬ್ಬ ಸದಸ್ಯರು ಅವರ ಬಾಯಿಗೆ ಕೈ ಹಾಕಿ ಎಳೆದು ಹಿಡಿದ್ರು. ಮಾರ್ಜರಿ ಟೇಲರ್ ಗ್ರೀನ್ ಫೋನ್ ಹಿಡ್ಕೊಂಡು ಇನ್ನೊಬ್ಬ ವಿರೋಧಿ ಸದಸ್ಯರ ಮುಖಕ್ಕೆ ಒಡ್ತಿದ್ರು, ಸ್ಕ್ರೀನ್ ಮೇಲೆ ಡಿಟಿ ಅಂತ ಎರಡೇ ಅಕ್ಷರ, ಆ ಕಡೆ ಲೈನಲ್ಲಿ ಟ್ರಂಪ್, ಆ ಸದಸ್ಯರು ಬೇಡ ಅಂತ ಕೈ ಬೀಸಿಬಿಟ್ರು. ಇದೆಲ್ಲ ಜಗತ್ತು ನೋಡ್ತು, ಯಾಕಂದ್ರೆ ಸ್ಪೀಕರೇ ಇಲ್ದಿದ್ದಾಗ ಕ್ಯಾಮೆರಾ ಎಲ್ಲಿ ತಿರುಗಬೇಕು ಅನ್ನೋ ಮಾಮೂಲಿ ಕಟ್ಟುಪಾಡೂ ಇರ್ಲಿಲ್ಲ. ಸೋಮವಾರಕ್ಕೆ ಸದನ ಮುಂದೂಡೋಣ ಅಂತ ವೋಟಿಂಗ್ ನಡೀತಿದ್ದಾಗಲೇ ಮಧ್ಯದಲ್ಲಿ ಏನೋ ಕುದುರಿ ಮೆಕಾರ್ಥಿ ಓಡಿ ಬಂದು ತಮ್ಮ ವೋಟ್ ಬದಲಾಯಿಸಿದ್ರು, ಮಧ್ಯರಾತ್ರಿ ದಾಟಿದ ಮೇಲೆ ಹದಿನೈದನೇ ಸುತ್ತಲ್ಲಿ ಆರೂ ಜನ ಪ್ರೆಸೆಂಟ್ ಅಂದ್ರು, 216-212, ಸ್ಪೀಕರ್ ಆದ್ರು.

ಕೊಟ್ಟಿದ್ದು ಏನು ಅನ್ನೋದು ಇಲ್ಲಿ ಮುಖ್ಯ. ಯಾವ ಮಸೂದೆ ಯಾವ ಷರತ್ತಲ್ಲಿ ಸದನಕ್ಕೆ ಬರ್ಬೇಕು ಅಂತ ತೀರ್ಮಾನ ಮಾಡೋ ರೂಲ್ಸ್ ಕಮಿಟಿಯಲ್ಲಿ ಕಟ್ಟಾ ಬಲಪಂಥದ ಮೂವರಿಗೆ ಜಾಗ. ಅದಕ್ಕಿಂತ ದೊಡ್ಡದು, ಸ್ಪೀಕರನ್ನ ಇಳಿಸಿ ಅಂತ ಯಾರೋ ಒಬ್ಬೇ ಒಬ್ಬ ಸದಸ್ಯ ಗೊತ್ತುವಳಿ ತಂದ್ರೂ ಸಾಕು, ವೋಟಿಗೆ ಹಾಕ್ಲೇಬೇಕು. ನಮ್ಮಲ್ಲಿ ವಿಪ್ ಮೀರಿದ್ರೆ ಪಕ್ಷಾಂತರ ನಿಷೇಧ ಕಾಯ್ದೆಯಲ್ಲಿ ಸೀಟೇ ಹೋಗುತ್ತೆ, ಅಲ್ಲಿ ಅಂಥ ಕಾಯ್ದೆ ಇಲ್ಲ, ಪಕ್ಷದ ಮಾತು ಕೇಳದೇ ಇದ್ರೆ ಜಾಸ್ತಿ ಅಂದ್ರೆ ಕಮಿಟಿ ಸ್ಥಾನ ಹೋಗಬಹುದು, ಟಿವಿಯಲ್ಲಿ ಹೆಸರು ಬಂದು ಚಂದಾ ಹಣ ಇನ್ನೂ ಜಾಸ್ತಿನೇ ಬರಬಹುದು.

ಮೊದಲ ಪರೀಕ್ಷೆ ಸಾಲದ ಮಿತಿ. ಅಮೆರಿಕಾ ಸರ್ಕಾರ ಒಟ್ಟು ಎಷ್ಟು ಸಾಲ ಮಾಡಬಹುದು ಅಂತ ಕಾನೂನಲ್ಲೇ ಒಂದು ಸಂಖ್ಯೆ ಇದೆ, ಆಗ 31.4 ಟ್ರಿಲಿಯನ್ ಡಾಲರ್. ಇದು ಹೊಸ ಖರ್ಚಿಗೆ ಪರ್ಮಿಷನ್ ಅಲ್ಲ, ಅದೇ ಕಾಂಗ್ರೆಸ್ (ಹೌಸ್, ಸೆನೆಟ್ ಎರಡೂ ಸೇರಿದ ಅಲ್ಲಿನ ಸಂಸತ್ತು) ಈಗಾಗ್ಲೇ ಪಾಸ್ ಮಾಡಿರೋ ಖರ್ಚಿನ ಬಿಲ್ ಕಟ್ಟೋಕೆ ಬೇಕಾದ ಸಾಲ. ಜನವರಿ 19ಕ್ಕೇ ಮಿತಿ ಮುಟ್ತು, ಖಜಾನೆಯವರು ಆ ಲೆಕ್ಕ ಈ ಲೆಕ್ಕ ಹೊಂದಿಸಿ ಜೂನ್ 5ರವರೆಗೆ ಎಳೆದ್ರು. ಹೌಸ್ ಕೈಯಲ್ಲಿದ್ದಾಗಲೇ ಡೆಮಾಕ್ರಟ್ಸ್ ಇದನ್ನ ಏರಿಸಿ ಹೋಗಿದ್ರೆ ಈ ತಲೆನೋವೇ ಇರ್ತಿರ್ಲಿಲ್ಲ. ಈಗ ಹೌಸ್ ಒಪ್ಪಿಗೆ ಇಲ್ದೆ ಏರಿಸೋ ಹಾಗಿಲ್ಲ, ಮೆಕಾರ್ಥಿ ಖರ್ಚು ಕಡಿತಗೊಳಿಸಿ ಅಂತ ಪಟ್ಟು ಹಿಡಿದು ಏಪ್ರಿಲ್‌ನಲ್ಲಿ ತಮ್ಮದೇ ಮಸೂದೆ 217-215ರಲ್ಲಿ ಪಾಸ್ ಮಾಡಿಸಿದ್ರು. ಆಮೇಲೆ ಬೈಡನ್ ಜೊತೆ ಮಾತುಕತೆ ಆಗಿ ಒಂದು ಒಪ್ಪಂದ, ಹೌಸಲ್ಲಿ ಮೇ 31ಕ್ಕೆ 314-117ರಲ್ಲಿ ಪಾಸ್, ಬೈಡನ್ ಜೂನ್ 3ಕ್ಕೆ ಸಹಿ, ಗಡುವಿಗೆ ಎರಡು ದಿನ ಇದ್ದಾಗ. ಆಗಸ್ಟ್ 1ಕ್ಕೆ ಫಿಚ್ ಸಂಸ್ಥೆ ಅಮೆರಿಕಾದ ಕ್ರೆಡಿಟ್ ರೇಟಿಂಗನ್ನ ಒಂದು ಮೆಟ್ಟಿಲು ಇಳಿಸಿತು, ಪದೇಪದೇ ನಡೆಯೋ ಈ ಸಾಲದ ಮಿತಿ ಜಗಳನ ಕಾರಣಗಳಲ್ಲಿ ಒಂದಾಗಿ ಹೇಳಿನೇ.

314 ಅಂದ್ರೆ ಎರಡೂ ಪಕ್ಷದವರು ಸೇರಿ ಹಾಕಿದ ವೋಟು. ಅಲ್ಲೇ ಇರೋದು ಸಮಸ್ಯೆ. ಕಟ್ಟಾ ಗುಂಪಿಗೆ ಒಪ್ಪಿಗೆ ಆಗೋ ಮಸೂದೆ ಸೆನೆಟಲ್ಲಿ ಪಾಸಾಗಲ್ಲ, ಸೆನೆಟಲ್ಲಿ ಪಾಸಾಗೋ ಮಸೂದೆಗೆ ಹೌಸಲ್ಲಿ ಡೆಮಾಕ್ರಟ್ಸ್ ವೋಟು ಬೇಕು, ಡೆಮಾಕ್ರಟ್ಸ್ ವೋಟು ತಗೊಂಡ್ರೆ ಕಟ್ಟಾ ಗುಂಪು ಕುರ್ಚಿ ಎಳೆಯುತ್ತೆ. ಸೆಪ್ಟೆಂಬರ್ 30ಕ್ಕೆ ಸರ್ಕಾರದ ಹಣ ಖಾಲಿ ಆಗೋ ದಿನ ಮೆಕಾರ್ಥಿ ಹಾಗೇ ಡೆಮಾಕ್ರಟ್ಸ್ ವೋಟು ತಗೊಂಡು 45 ದಿನದ ತಾತ್ಕಾಲಿಕ ಬಿಲ್ ಪಾಸ್ ಮಾಡಿಸಿದ್ರು. ಎರಡು ದಿನಕ್ಕೆ ಗೇಟ್ಸ್ ಗೊತ್ತುವಳಿ ತಂದ್ರು, ಅಕ್ಟೋಬರ್ 3ಕ್ಕೆ 216-210ರಲ್ಲಿ ಮೆಕಾರ್ಥಿ ಇಳಿದ್ರು, ಅಮೆರಿಕಾ ಇತಿಹಾಸದಲ್ಲೇ ವೋಟ್ ಹಾಕಿ ಇಳಿಸಿದ ಮೊದಲ ಸ್ಪೀಕರ್. ಅವರ ಪಕ್ಷದಿಂದ ವಿರುದ್ಧ ಬಿದ್ದಿದ್ದು ಎಂಟೇ ವೋಟು, ಮಿಕ್ಕಿದ್ದೆಲ್ಲ ಡೆಮಾಕ್ರಟ್ಸ್, ಅವರು ಯಾಕೆ ಉಳಿಸ್ಬೇಕು ಹೇಳಿ. ಆಮೇಲೆ ಮೂರು ವಾರ ಸ್ಪೀಕರೇ ಇಲ್ಲ, ಅಕ್ಟೋಬರ್ 7ಕ್ಕೆ ಇಸ್ರೇಲ್ ಮೇಲೆ ಹಮಾಸ್ ದಾಳಿ ಆದಾಗಲೂ ಹೌಸು ಒಂದು ಮಸೂದೆ ಪಾಸ್ ಮಾಡೋ ಸ್ಥಿತಿಯಲ್ಲಿರ್ಲಿಲ್ಲ. ಸ್ಕಲೀಸ್, ಜಾರ್ಡನ್, ಎಮರ್ ಅಂತ ಒಬ್ಬೊಬ್ಬರೇ ಪ್ರಯತ್ನ ಪಟ್ಟು ಸೋತು, ಅಕ್ಟೋಬರ್ 25ಕ್ಕೆ ಹೊರಗಿನ ಜನ ಹೆಸರೂ ಅಷ್ಟಾಗಿ ಕೇಳಿರದ ಲೂಯಿಸಿಯಾನಾದ ಮೈಕ್ ಜಾನ್ಸನ್ ಸ್ಪೀಕರ್ ಆದ್ರು.

ಸೀಟು ಜಾಸ್ತಿ ಇದ್ದಿದ್ರೆ ಇದ್ಯಾವುದೂ ಆಗ್ತಿರ್ಲಿಲ್ವಾ ಅಂತ ಕೇಳಿದ್ರೆ, ಜಾನ್ ಬೇನರ್ ನೆನಪಾಗ್ತಾರೆ, 247 ಸೀಟಲ್ಲಿ ಗೆದ್ದ ಸದನ ಇಟ್ಕೊಂಡೂ 2015ರಲ್ಲಿ ಇಂಥದ್ದೇ ಗುಂಪಿನ ಕಾಟಕ್ಕೆ ರಾಜೀನಾಮೆ ಕೊಟ್ಟೋದ್ರು. ಹಾಗಾಗಿ ನಂಬರ್ ಒಂದೇ ಕಾರಣ ಅಲ್ಲ. ಆದ್ರೆ ಬೇನರ್ ಕಾಲದಲ್ಲಿ ಆ ಗುಂಪು ಮೂವತ್ತು ನಲವತ್ತು ಜನ ಒಟ್ಟಾಗಬೇಕಿತ್ತು, ಇಲ್ಲಿ ಎಂಟು ಜನಕ್ಕೇ ಆಯ್ತು.

ಎಷ್ಟು ಬಿಗಿ ಇತ್ತು ಅಂದ್ರೆ 2024ರ ಫೆಬ್ರವರಿ ನೋಡಿ. ಗೃಹಭದ್ರತಾ ಸಚಿವ ಮೆಯೋರ್ಕಸ್ ಮೇಲೆ ವಾಗ್ದಂಡನೆ ತರೋಕೆ ಫೆಬ್ರವರಿ 6ಕ್ಕೆ ವೋಟ್ ಆಯ್ತು, ಟೆಕ್ಸಸ್‌ನ ಆಲ್ ಗ್ರೀನ್ ಅನ್ನೋ ಡೆಮಾಕ್ರಟ್ ಆಪರೇಷನ್ ಆಗಿ ಮಲಗಿದ್ದ ಆಸ್ಪತ್ರೆಯಿಂದ ಅದೇ ಆಸ್ಪತ್ರೆ ಬಟ್ಟೆಯಲ್ಲೇ ವೀಲ್‌ಚೇರಲ್ಲಿ ಬಂದು ವೋಟ್ ಹಾಕಿ ಸೋಲ್ಸಿದ್ರು. ರಿಪಬ್ಲಿಕನ್ನರು ಒಂದು ವಾರ ಬಿಟ್ಟು ಮತ್ತೆ ವೋಟ್ ಮಾಡಿ 214-213ರಲ್ಲಿ ಗೆದ್ರು. ಅವತ್ತೇ, ಫೆಬ್ರವರಿ 13ಕ್ಕೇ, ನ್ಯೂಯಾರ್ಕಲ್ಲಿ ಜಾರ್ಜ್ ಸ್ಯಾಂಟೋಸ್ ಅವರ ಸೀಟಿಗೆ ಉಪಚುನಾವಣೆ. ತಮ್ಮ ಬಗ್ಗೆ ಸುಳ್ಳಿನ ಮೇಲೆ ಸುಳ್ಳು ಹೇಳಿ ಗೆದ್ದಿದ್ದಾರೆ ಅಂತ ಗೊತ್ತಾಗಿ, ಎಥಿಕ್ಸ್ ಕಮಿಟಿ ವರದಿ ಬಂದು, ಸದನ 311-114ರಲ್ಲಿ ಹೊರಗೆ ಹಾಕಿದ್ದ ಮನುಷ್ಯ. ಆ ಸೀಟು ಡೆಮಾಕ್ರಟ್ಸ್ ಪಾಲಾಯ್ತು. ಅಲ್ಲಿ ಗೆದ್ದವರು ಸದನಕ್ಕೆ ಬಂದು ಕೂರೋವರೆಗೆ ತಡ ಆಗಿದ್ರೆ ಆ ವಾಗ್ದಂಡನೆಗೆ ಒಂದು ವೋಟ್ ಸಾಲ್ತಿರ್ಲಿಲ್ಲ! ಆದ್ರೆ ಏನು, ಸೆನೆಟ್‌ಗೆ ಹೋದಾಗ 51 ಇದ್ದೋರು ವಿಚಾರಣೆನೇ ನಡೆಸದೆ ಏಪ್ರಿಲ್‌ನಲ್ಲಿ ಕೈಬಿಟ್ರು.

ಉಕ್ರೇನ್ ನೆರವಿನದ್ದೂ ಇದೇ ಕಥೆ. ಬೈಡನ್ 2023ರ ಅಕ್ಟೋಬರ್‌ನಲ್ಲಿ ಕೇಳಿದ ಸುಮಾರು 61 ಬಿಲಿಯನ್ ಡಾಲರ್ ಹೌಸಲ್ಲಿ ಪಾಸಾಗಿದ್ದು 2024ರ ಏಪ್ರಿಲ್ 20ಕ್ಕೆ, 311-112, ಆ 112 ಪೂರ್ತಿ ರಿಪಬ್ಲಿಕನ್ನರು, ಅವರ ಪಕ್ಷದಲ್ಲೇ ಬೇಡ ಅಂದವರು ಬೇಕು ಅಂದವರಿಗಿಂತ ಜಾಸ್ತಿ. ಬಹುಮತ ಇತ್ತು, ಮೊದಲಿಂದಲೂ ಇತ್ತು, ವೋಟಿಗೇ ಬರ್ಲಿಲ್ಲ ಅಷ್ಟೇ, ಯುದ್ಧಭೂಮಿಯಲ್ಲಿ ಗುಂಡು ಖಾಲಿ ಆಗ್ತಾ ಆರು ತಿಂಗಳು ಹೋಯ್ತು. ತಡೆಯೋ ಅಧಿಕಾರ ಅಂದ್ನಲ್ಲ ಮೊದ್ಲು, ಅದು ಇದೇ. ಇದಕ್ಕೆ ಜಾನ್ಸನ್ ಮೇಲೂ ಇಳಿಸೋ ಗೊತ್ತುವಳಿ ಬಂತು, ಈ ಸಲ ಡೆಮಾಕ್ರಟ್ಸೇ ಉಳಿಸಿದ್ರು, 359-43.

2024ರ ನವೆಂಬರ್‌ನಲ್ಲಿ ಟ್ರಂಪ್ ಗೆದ್ದು, ಸೆನೆಟ್ ಕೂಡ ರಿಪಬ್ಲಿಕನ್ ಕೈಗೆ ಬಂದು, ಹೌಸ್ ಮಾತ್ರ 222ಕ್ಕಿಂತಲೂ ಕೆಳಗೆ, 220-215ಕ್ಕೆ ನಿಂತಿತು. 2025ರ ಜನವರಿ 3ಕ್ಕೆ ಜಾನ್ಸನ್‌ಗೆ ಮೊದಲು ಮೂರು ಜನ ಕೈ ಕೊಟ್ರು, ವೋಟಿಂಗ್ ಮುಗಿಸೋ ಮುಂಚೆ ಇಬ್ಬರು ಮನಸ್ಸು ಬದಲಾಯಿಸಿ 218-215ರಲ್ಲಿ ಒಂದೇ ಸುತ್ತಲ್ಲಿ ಮುಗೀತು. ಅದೇ ದಿನ ಸದನದ ನಿಯಮಾವಳಿನೂ ಪಾಸ್ ಮಾಡಿದ್ರು, ಸ್ಪೀಕರ್ ಇಳಿಸೋ ಗೊತ್ತುವಳಿ ವೋಟಿಗೆ ತರೋಕೆ ಇನ್ಮೇಲೆ ಒಬ್ಬರಲ್ಲ, ಬಹುಮತ ಪಕ್ಷದ ಒಂಬತ್ತು ಜನ ಬೇಕು ಅಂತ.